ಒಂದೇ ಬೆಂಕಿಯುಂಡೆ, ಹಲವು ತಾಪಮಾನ: ಓದುಗರ ಪ್ರಶ್ನೆಗಳಿಗೆ ಉತ್ತರ

ಭಾರಿ ಅಯಾನುಗಳ ಘರ್ಷಣೆ ಕುರಿತು ಬಂದ ಪತ್ರಗಳಲ್ಲಿ ಹೆಚ್ಚಿನವು ಯಂತ್ರಗಳ ಬಗ್ಗೆ ಕೇಳಿಲ್ಲ, ಗಣಿತದ ಬಗ್ಗೆ ಕೇಳಿವೆ. ಡಿಟೆಕ್ಟರ್ ಕೊಡುವುದು ಎಣಿಕೆಗಳನ್ನು ಮಾತ್ರ. ಆ ಎಣಿಕೆಯಿಂದ ತಾಪಮಾನ, ವೇಗ, ಗಾತ್ರ ಇವೆಲ್ಲ ಹೊರಬರುವುದು ಹೇಗೆ ಎಂಬುದೇ ಎಲ್ಲರ ಕುತೂಹಲ. ಆಯ್ದ ಏಳು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಸೀಸದ ನ್ಯೂಕ್ಲಿಯಸ್‌ಗಳು ಡಿಕ್ಕಿ ಹೊಡೆದಾಗ ಹುಟ್ಟುವ ಬೆಂಕಿಯುಂಡೆ ಕ್ಷಣದಲ್ಲಿ ಇಲ್ಲವಾಗುತ್ತದಂತೆ. ಅದರೊಳಗೆ ಥರ್ಮಾಮೀಟರ್ ಇಡಲು ಸಾಧ್ಯವಿಲ್ಲ. ಹಾಗಿದ್ದರೆ ತಾಪಮಾನ ಗೊತ್ತಾಗುವುದು ಹೇಗೆ?
– ಪಿಯು ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಅದರ ಆಯುಸ್ಸು ಎಷ್ಟು ಕಡಿಮೆಯೆಂದರೆ, ಬೆಳಕು ಕೂಡ ಅಷ್ಟರಲ್ಲಿ ಒಂದು ನ್ಯೂಕ್ಲಿಯಸ್‌ನ ಅಗಲದಷ್ಟು ದೂರವನ್ನಷ್ಟೇ ದಾಟಬಲ್ಲದು. ಆಮೇಲೆ ಉಳಿಯುವುದು ಹೊರಗೆ ಚಿಮ್ಮಿದ ಕಣಗಳು. ಸರ್ನ್‌ನ ದೊಡ್ಡ ಹೇಡ್ರಾನ್ ಕೊಲೈಡರ್‌ನಲ್ಲಿ 2010ರ ನವೆಂಬರ್‌ನಲ್ಲಿ ಸೀಸದ ಮೊದಲ ಘರ್ಷಣೆಗಳು ನಡೆದವು. ಅಲ್ಲಿ ಎರಡು ನ್ಯೂಕ್ಲಿಯಸ್‌ಗಳು ನೇರವಾಗಿ ಎದುರುಬದುರು ಬಂದು ಬಡಿದಾಗ ಹತ್ತು ಸಾವಿರಕ್ಕೂ ಹೆಚ್ಚು ವಿದ್ಯುದಾವಿಷ್ಟ ಕಣಗಳು ಹುಟ್ಟುತ್ತವೆ. ಅವುಗಳಲ್ಲಿ ಬಹುಪಾಲು ಪೈಆನ್‌ಗಳು; ಉಳಿದವು ಕೇಆನ್, ಪ್ರೋಟಾನ್ ಇತ್ಯಾದಿ.

ಪ್ರತಿ ಕಣದ ಸಂವೇಗವನ್ನು ಅಳೆದು, ಯಾವ ಸಂವೇಗದಲ್ಲಿ ಎಷ್ಟು ಕಣಗಳಿವೆ ಎಂದು ಎಣಿಸಿದರೆ ಸಿಗುವ ಗೆರೆಯೇ ರೋಹಿತ, ಅಂದರೆ ಸ್ಪೆಕ್ಟ್ರಮ್. ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಡ್ಡ ಸಂವೇಗವನ್ನು ಮಾತ್ರ, ಎಂದರೆ ಡಿಕ್ಕಿಗೆ ಬರುವ ನ್ಯೂಕ್ಲಿಯಸ್‌ಗಳ ದೂಲಕ್ಕೆ (ಬೀಮ್) ಲಂಬವಾದ ಭಾಗ. ಇದಕ್ಕೆ ಗಟ್ಟಿ ಕಾರಣವಿದೆ. ದೂಲದ ದಿಕ್ಕಿನಲ್ಲಿ ನ್ಯೂಕ್ಲಿಯಸ್‌ಗಳು ಮೊದಲೇ ಹೊತ್ತು ತಂದ ಓಟ ಬೆರೆತಿರುತ್ತದೆ. ಅಡ್ಡ ದಿಕ್ಕಿನಲ್ಲಿ ಬರುವಾಗ ಏನೂ ಇರಲಿಲ್ಲ; ಅಲ್ಲಿ ಕಾಣುವುದೆಲ್ಲ ಘರ್ಷಣೆಯೇ ಹುಟ್ಟಿಸಿದ್ದು.

ಬಿಸಿ ಅನಿಲದಲ್ಲಿ ಹೆಚ್ಚು ಶಕ್ತಿಯ ಕಣಗಳು ಅಪರೂಪ ಎಂಬುದು ಬೋಲ್ಟ್ಸ್‌ಮನ್ ನಿಯಮ. ಶಕ್ತಿ ಏರಿದಂತೆ ಎಣಿಕೆ ಘಾತೀಯವಾಗಿ ಇಳಿಯುತ್ತದೆ, ತಾಪಮಾನ ಹೆಚ್ಚಿದಷ್ಟೂ ಇಳಿತ ನಿಧಾನ. ಲಂಬ ಅಕ್ಷವನ್ನು ಲಾಗ್ ಮಾಪಕದಲ್ಲಿ ಬರೆದರೆ ಘಾತೀಯ ಇಳಿತ ಸರಳರೇಖೆಯಾಗುತ್ತದೆ, ಅದರ ಇಳಿಜಾರಿನಿಂದ ತಾಪಮಾನ ಓದಬಹುದು. ತತ್ವ ಇಷ್ಟೇ. ತೊಡಕು ಏನೆಂಬುದನ್ನು ಮುಂದಿನ ಪತ್ರ ಸರಿಯಾಗಿ ಹಿಡಿದಿದೆ.

ಪ್ರಶ್ನೆ: ಪ್ರಾಜೆಕ್ಟ್ ಕೆಲಸಕ್ಕಾಗಿ ಸರ್ನ್‌ನ ಆಲಿಸ್ ಪ್ರಯೋಗದ ಪ್ರಕಟಿತ ದತ್ತಾಂಶ ತೆಗೆದುಕೊಂಡು ಇಳಿಜಾರು ಕಂಡುಹಿಡಿದೆ. ಪೈಆನ್‌ಗೆ ಒಂದು ತಾಪಮಾನ ಬಂತು, ಕೇಆನ್‌ಗೆ ಹೆಚ್ಚು, ಪ್ರೋಟಾನ್‌ಗೆ ಇನ್ನೂ ಹೆಚ್ಚು. ಒಂದೇ ಬೆಂಕಿಯಿಂದ ಬಂದ ಕಣಗಳಿಗೆ ಮೂರು ತಾಪಮಾನ ಹೇಗೆ ಸಾಧ್ಯ? ನನ್ನ ಲೆಕ್ಕ ತಪ್ಪಿದೆಯೇ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ಲೆಕ್ಕ ಸರಿಯಾಗಿದೆ. ನೀವು ಕಂಡದ್ದು ಈ ಕ್ಷೇತ್ರದ ಅತಿ ಮುಖ್ಯ ಸಂಗತಿಗಳಲ್ಲೊಂದು. ಸರ್ನ್‌ನ ಎನ್‌ಎ44 ಪ್ರಯೋಗ 1997ರಲ್ಲೇ ಇದನ್ನು ಸ್ಪಷ್ಟವಾಗಿ ತೋರಿಸಿತ್ತು: ಕಣದ ರಾಶಿ ಹೆಚ್ಚಿದಂತೆ ಇಳಿಜಾರಿನ ತಾಪಮಾನವೂ ಏರುತ್ತದೆ.

ಬೆಂಕಿಯುಂಡೆ ಸುಮ್ಮನೆ ಕುಳಿತಿಲ್ಲ, ಹಿಗ್ಗುತ್ತಿದೆ. ತುಂಬಿ ಹರಿಯುವ ಹೊಳೆಯಲ್ಲಿ ಹುಲ್ಲುಕಡ್ಡಿಯೂ ಮರದ ದಿಮ್ಮಿಯೂ ಒಂದೇ ವೇಗದಲ್ಲಿ ತೇಲುತ್ತವೆ, ಆದರೆ ಎದುರಿಗೆ ನಿಂತವನಿಗೆ ತಗಲುವ ಪೆಟ್ಟು ಒಂದೇ ಅಲ್ಲ. ಇಲ್ಲೂ ಹಾಗೆಯೇ: ಹರಿವು ಎಲ್ಲ ಕಣಗಳಿಗೂ ಒಂದೇ ವೇಗ ಕೊಡುತ್ತದೆ, ಆ ವೇಗ ಸಂವೇಗವಾಗಿ ಬದಲಾಗುವಾಗ ಭಾರದ ಕಣಕ್ಕೆ ಹೆಚ್ಚು ಪಾಲು ಸಿಗುತ್ತದೆ.

ಸಂವೇಗ ಕಡಿಮೆ ಇರುವ ಕಡೆಗೆ ಒಂದು ಒರಟು ಸೂತ್ರವಿದೆ. ತೋರುವ ತಾಪಮಾನ ಎಂದರೆ ನಿಜವಾದ ತಾಪಮಾನ, ಅದಕ್ಕೆ ಕೂಡಿಸಿದ ರಾಶಿಯ ಅರ್ಧ ಗುಣಿಸು ಹರಿವಿನ ವೇಗದ ವರ್ಗ. ಬೆಳಕಿನ ವೇಗವನ್ನು 1 ಎಂದು ಹಿಡಿದು, ಹರಿವಿನ ವೇಗ 0.6, ನಿಜವಾದ ತಾಪಮಾನ 100 ಎಂಇವಿ, ಅಂದರೆ 100 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಎಂದುಕೊಳ್ಳಿ. ಪೈಆನ್‌ನ ರಾಶಿ ಸುಮಾರು 140. ತೋರುವ ತಾಪಮಾನ 125. ಕೇಆನ್‌ನ ರಾಶಿ 494, ತೋರುವುದು 189. ಪ್ರೋಟಾನ್ 938; ತೋರುವುದು 269. ಒಂದೇ ಬೆಂಕಿ, ಒಂದೇ ಹರಿವು, ಮೂರು ಇಳಿಜಾರು. ಸಂವೇಗ ಬಹಳ ಹೆಚ್ಚಿರುವ ಕಡೆ ಈ ಸೂತ್ರ ನಿಲ್ಲುವುದಿಲ್ಲ. ಅಲ್ಲಿ ರಾಶಿಗೆ ಬೆಲೆ ಇಲ್ಲ; ಡಾಪ್ಲರ್ ಪರಿಣಾಮದಂತೆ ಎಲ್ಲ ಕಣಗಳ ಇಳಿಜಾರೂ ಒಂದೇ ಅಂಶದಿಂದ ಹಿಗ್ಗುತ್ತದೆ. ವೇಗ 0.6 ಇದ್ದರೆ ಆ ಅಂಶ ಸರಿಯಾಗಿ 2.

ಆದ್ದರಿಂದ ಒಂದು ಕಣದ ರೋಹಿತ ಎಷ್ಟೇ ನಿಖರವಾಗಿದ್ದರೂ ಅದರಿಂದ ಕಾವು ಎಷ್ಟು, ಹರಿವು ಎಷ್ಟು ಎಂದು ಬಿಡಿಸಿ ಹೇಳಲಾಗದು. ಬೇರೆ ಬೇರೆ ರಾಶಿಯ ಕಣಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೇ ಎರಡೂ ಬೇರೆಯಾಗುತ್ತವೆ. 1993ರಲ್ಲಿ ಷ್ನೆಡರ್‌ಮನ್, ಸೋಲ್‌ಫ್ರಾಂಕ್, ಹೈಂಜ್ ಎಂಬ ಮೂವರು ಇದನ್ನು ಸೂತ್ರಕ್ಕೆ ತಂದರು. ಬ್ಲಾಸ್ಟ್-ವೇವ್ ಮಾದರಿ ಎಂದು ಎಲ್ಲರೂ ಕರೆಯುವುದು ಇದನ್ನೇ. ಮೂರು ಕಣಗಳ ರೋಹಿತಕ್ಕೂ ಒಂದೇ ತಾಪಮಾನ, ಒಂದೇ ಹರಿವಿನ ವೇಗ ಇಟ್ಟು ಏಕಕಾಲಕ್ಕೆ ಹೊಂದಿಸಬೇಕು. 2.76 ಟಿಇವಿ ಶಕ್ತಿಯ ಸೀಸದ ಘರ್ಷಣೆಗಳಲ್ಲಿ, ನಟ್ಟ ನಡುವೆ ಬಡಿದವುಗಳಿಗೆ, ಆಲಿಸ್ ತಂಡಕ್ಕೆ ಸಿಕ್ಕಿದ್ದು ಸುಮಾರು 95 ಎಂಇವಿ ಮತ್ತು ಬೆಳಕಿನ ವೇಗದ ಸುಮಾರು 0.65 ಭಾಗದ ಸರಾಸರಿ ಹರಿವು.

ನಿಮ್ಮ ಪ್ರಾಜೆಕ್ಟ್‌ಗೆ ಒಂದು ಮಾತು. ಯಾವ ಸಂವೇಗದಿಂದ ಯಾವ ಸಂವೇಗದವರೆಗೆ ಹೊಂದಿಸಿದಿರಿ ಎಂಬುದನ್ನು ವರದಿಯಲ್ಲಿ ತಪ್ಪದೆ ಬರೆಯಿರಿ. ಆಲಿಸ್ ತಂಡ ಪೈಆನ್‌ಗಳನ್ನು 0.5ರಿಂದ 1 ಜಿಇವಿವರೆಗೆ (1 ಜಿಇವಿ ಎಂದರೆ 1000 ಎಂಇವಿ) ಮಾತ್ರ ತೆಗೆದುಕೊಂಡಿತು. ಅದಕ್ಕಿಂತ ಕೆಳಗೆ, ರೋ, ಒಮೇಗಾ ಮುಂತಾದ ಅಲ್ಪಾಯು ಕಣಗಳು ಒಡೆದು ಹುಟ್ಟಿದ ಪೈಆನ್‌ಗಳು ಬಂದು ಸೇರಿಕೊಳ್ಳುತ್ತವೆ, ಸರಳ ಮಾದರಿಯಲ್ಲಿ ಅವುಗಳ ಲೆಕ್ಕವಿಲ್ಲ. ಈ ಗಡಿಯನ್ನು ಅತ್ತಿತ್ತ ಸರಿಸಿದರೆ ತಾಪಮಾನವೂ ಸರಿಯುತ್ತದೆ. ಇನ್ನೂ ಒಂದು: ತಾಪಮಾನ ಮತ್ತು ಹರಿವು ಒಂದನ್ನೊಂದು ತೂಗಿಸಿಕೊಳ್ಳುತ್ತವೆ. ತಾಪಮಾನ ತುಸು ಇಳಿಸಿ ಹರಿವನ್ನು ತುಸು ಏರಿಸಿದರೆ ಗೆರೆ ಹೆಚ್ಚುಕಡಿಮೆ ಹಾಗೆಯೇ ಕೂರುತ್ತದೆ. ಹಾಗಾಗಿ ಎರಡರ ದೋಷಗಳನ್ನು ಬೇರೆ ಬೇರೆ ಬರೆದರೆ ಸಾಲದು, ಎರಡನ್ನೂ ಅಕ್ಷಗಳಾಗಿಟ್ಟು ದೋಷದ ವಲಯವನ್ನೇ ಚಿತ್ರವಾಗಿ ಕೊಡಿ.

ಪ್ರಶ್ನೆ: ಬ್ಲಾಸ್ಟ್-ವೇವ್ ಸೂತ್ರದಲ್ಲಿ ಬೆಸೆಲ್ ಫಲನಗಳು ಕಂಡು ನನಗೆ ಸಂತೋಷವೂ ಆಶ್ಚರ್ಯವೂ ಆಯಿತು. ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟ ವಿಷಯ. ಅವು ಅಲ್ಲಿಗೆ ಬಂದದ್ದು ಹೇಗೆ?
– ನಿವೃತ್ತ ಗಣಿತ ಅಧ್ಯಾಪಕ, ಶಿರಸಿ

ಉತ್ತರ: ಮೇಷ್ಟ್ರೇ, ಯಾರೂ ಅವನ್ನು ಹುಡುಕಿ ತಂದು ಹಾಕಿದ್ದಲ್ಲ, ಸಮಮಿತಿಯಿಂದ ತಾವಾಗಿಯೇ ಬಂದವು. ಹಿಗ್ಗುವ ಉಂಡೆಯ ಒಂದು ತುಣುಕನ್ನು ತೆಗೆದುಕೊಳ್ಳಿ. ಅದರ ಜೊತೆಗೇ ಚಲಿಸುವ ವೀಕ್ಷಕನಿಗೆ ಕಣದ ಶಕ್ತಿ ಎಷ್ಟೆಂದು ಬರೆದರೆ ಎರಡು ಪದಗಳು ಸಿಗುತ್ತವೆ. ಒಂದರಲ್ಲಿ ಕಣ ಮತ್ತು ಹರಿವಿನ ದಿಕ್ಕುಗಳ ನಡುವಿನ ಕೋನದ ಕೊಸೈನ್. ಇನ್ನೊಂದರಲ್ಲಿ ದೂಲದ ದಿಕ್ಕಿನ ರಾಪಿಡಿಟಿ (ವೇಗದ ಒಂದು ಅಳತೆ) ವ್ಯತ್ಯಾಸದ ಹೈಪರ್‌ಬಾಲಿಕ್ ಕೊಸೈನ್. ಎರಡೂ ಬೋಲ್ಟ್ಸ್‌ಮನ್ ಘಾತದೊಳಗೆ ಕೂರುತ್ತವೆ. ಕೋನದ ಮೇಲೆ ಪೂರ್ತಿ ಸುತ್ತು ಅನುಕಲನ ಮಾಡಿದರೆ ಸಿಗುವುದು ಪರಿವರ್ತಿತ ಬೆಸೆಲ್ ಫಲನ ಐ-ಸೊನ್ನೆ. ರಾಪಿಡಿಟಿಯ ಮೇಲೆ ಅನುಕಲನ ಮಾಡಿದರೆ ಕೆ-ಒಂದು. ಉಳಿಯುವುದು ಕೇಂದ್ರದಿಂದ ಅಂಚಿನವರೆಗಿನ ತ್ರಿಜ್ಯದ ಅನುಕಲನ. ಅದನ್ನು ಕಂಪ್ಯೂಟರ್ ಮಾಡುತ್ತದೆ. ಗ್ರಹಗಳ ಚಲನೆಯ ಏರುಪೇರು ಲೆಕ್ಕ ಹಾಕಲು 1824ರಲ್ಲಿ ಖಗೋಳಜ್ಞ ಬೆಸೆಲ್ ವ್ಯವಸ್ಥಿತವಾಗಿ ಅಧ್ಯಯನ ಮಾಡಿದ ಫಲನಗಳ ಬಳಗ ಇದು. ನಿಮ್ಮ ಹಳೆಯ ವಿದ್ಯಾರ್ಥಿಗಳಿಗೆ ಈ ಅನುಕಲನವನ್ನು ಖಂಡಿತ ತೋರಿಸಿ.

ಪ್ರಶ್ನೆ: ಪತ್ರಿಕೆಗಳಲ್ಲಿ ಒಮ್ಮೆ ಲಕ್ಷ ಕೋಟಿ ಡಿಗ್ರಿ ಎನ್ನುತ್ತಾರೆ, ಒಮ್ಮೆ ಅದರ ಮೂರು ಪಟ್ಟು ಎನ್ನುತ್ತಾರೆ. ಯಾವುದನ್ನು ನಂಬಬೇಕು?
– ಗೃಹಿಣಿ, ಹಾಸನ

ಉತ್ತರ: ಎರಡನ್ನೂ ನಂಬಿ, ಆದರೆ ಯಾವ ಗಳಿಗೆಯದು ಎಂದು ಕೇಳಿ. ಬೆಂಕಿಯುಂಡೆ ತಣಿಯುತ್ತಾ ಹೋಗುತ್ತದೆ, ಬೇರೆ ಬೇರೆ ಕಣಗಳು ಬೇರೆ ಬೇರೆ ಹೊತ್ತಿನ ಸುದ್ದಿ ಹೇಳುತ್ತವೆ. ಬೆಳಕಿನ ಕಣಗಳಾದ ಫೋಟಾನ್‌ಗಳು ಹುಟ್ಟಿದ ಕೂಡಲೇ ತಪ್ಪಿಸಿಕೊಂಡು ಬರುವುದರಿಂದ ಆರಂಭದ ಕಾವಿನ ಗುರುತು ಅವುಗಳಲ್ಲಿದೆ. ಅವುಗಳ ಇಳಿಜಾರು ಸುಮಾರು 300 ಎಂಇವಿ, ಅಂದರೆ ಮೂರೂವರೆ ಲಕ್ಷ ಕೋಟಿ ಕೆಲ್ವಿನ್. ಇದರಲ್ಲೂ ಹರಿವು ಬೆರೆತಿದೆ ಎಂಬುದನ್ನು ಮರೆಯಬಾರದು. ಯಾವ ಜಾತಿಯ ಕಣ ಎಷ್ಟೆಂಬುದು ನಿಗದಿಯಾಗುವುದು ಸುಮಾರು 156 ಎಂಇವಿಯಲ್ಲಿ. ಕೊನೆಗೆ ಕಣಗಳು ಪರಸ್ಪರ ತಾಗುವುದನ್ನೂ ನಿಲ್ಲಿಸಿ ಚದುರುವುದು ಆಗಲೇ ಹೇಳಿದ 95ರ ಹತ್ತಿರ, ಅಂದರೆ ಲಕ್ಷ ಕೋಟಿ ಕೆಲ್ವಿನ್‌ಗಿಂತ ತುಸು ಹೆಚ್ಚು. ಸೂರ್ಯನ ಒಡಲಿನ ತಾಪಮಾನ ಒಂದೂವರೆ ಕೋಟಿ ಕೆಲ್ವಿನ್.

ಪ್ರಶ್ನೆ: ನಾನು ದತ್ತಾಂಶ ವಿಶ್ಲೇಷಣೆಯ ಕೆಲಸದಲ್ಲಿದ್ದೇನೆ. ಡಿಟೆಕ್ಟರ್ ಒಂದು ಸಂವೇಗವನ್ನು ಇನ್ನೊಂದಾಗಿ ತಪ್ಪಾಗಿ ಓದುವ ಸಂಭವ ಎಷ್ಟೆಂದು ಮೊದಲೇ ಗೊತ್ತಿದ್ದರೆ, ಅದನ್ನು ಮಾತೃಕೆಯಾಗಿ ಬರೆದು ವಿಲೋಮ ಕಂಡುಹಿಡಿದರೆ ಆಯಿತಲ್ಲ? ಇಷ್ಟೊಂದು ಸಂಶೋಧನಾ ಲೇಖನಗಳು ಏಕೆ?
– ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಉತ್ತರ: ಕಾಗದದ ಮೇಲೆ ನೀವು ಹೇಳಿದ್ದು ಸರಿ. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ, ಎಲ್ಲಿ ಕೈಕೊಡುತ್ತದೆ ಎಂದು ಗೊತ್ತಾಗುತ್ತದೆ.

ಎರಡೇ ಬಿನ್‌ಗಳು, ಅಂದರೆ ಸಂವೇಗದ ಎರಡೇ ವಿಭಾಗಗಳು ಇವೆ ಎಂದುಕೊಳ್ಳಿ. ಒಂದು ಬಿನ್‌ನ ಕಣ ನೂರಕ್ಕೆ 60 ಸಲ ತನ್ನ ಬಿನ್‌ನಲ್ಲೇ ದಾಖಲಾಗುತ್ತದೆ, 40 ಸಲ ಪಕ್ಕದ್ದರಲ್ಲಿ. ನಿಜವಾದ ಎಣಿಕೆ 1000 ಮತ್ತು 800. ಡಿಟೆಕ್ಟರ್ ಸರಾಸರಿಯಲ್ಲಿ ತೋರಿಸುವುದು 920 ಮತ್ತು 880. ಈ ಮಾತೃಕೆಯ ವಿಲೋಮದ ಮೊದಲ ಸಾಲು 3, ಋಣ 2. ಎರಡನೆಯದು ಋಣ 2, 3. ಗುಣಿಸಿದರೆ 1000 ಮತ್ತು 800 ಚೊಕ್ಕವಾಗಿ ವಾಪಸ್ ಬರುತ್ತವೆ.

ಆದರೆ ನಿಜ ಪ್ರಯೋಗದಲ್ಲಿ 920 ಎಂಬುದು 920 ಆಗಿಯೇ ಬರುವುದಿಲ್ಲ. ಎಣಿಕೆಗೆ ಅದರ ವರ್ಗಮೂಲದಷ್ಟು, ಅಂದರೆ ಸುಮಾರು 30ರ, ಏರಿಳಿತ ಸಹಜ. ಮೊದಲ ಬಿನ್‌ನಲ್ಲಿ 950, ಎರಡನೆಯದರಲ್ಲಿ 850 ಬಂತು ಎನ್ನಿ. ಅದೇ ವಿಲೋಮ ಈಗ 1150 ಮತ್ತು 650 ಎನ್ನುತ್ತದೆ. 30ರ ಅಲುಗಾಟ 150 ಆಯಿತು, ಐದು ಪಟ್ಟು. ಇದು ಎರಡು ಬಿನ್‌ಗಳ ಕಥೆ. ಇಪ್ಪತ್ತು ಬಿನ್ ಇದ್ದರೆ ಉತ್ತರ ಒಂದು ಬಿನ್‌ನಲ್ಲಿ ಮುಗಿಲಿಗೂ ಪಕ್ಕದ್ದರಲ್ಲಿ ಸೊನ್ನೆಗಿಂತ ಕೆಳಕ್ಕೂ ಜಿಗಿಯಬಹುದು. ಗಣಿತ ತಪ್ಪಿಲ್ಲ, ಡಿಟೆಕ್ಟರ್ ಅಳಿಸಿಹಾಕಿದ ಮಾಹಿತಿಯನ್ನು ವಿಲೋಮ ಗದ್ದಲದಿಂದ ತುಂಬುತ್ತಿದೆ, ಅಷ್ಟೆ.

ಹಾಗಾಗಿ ನಿಜವಾದ ರೋಹಿತ ಹೀಗೆ ಹುಚ್ಚಾಗಿ ಕುಣಿಯುವುದಿಲ್ಲ ಎಂಬ ಪೂರ್ವನಂಬಿಕೆಯನ್ನು ಲೆಕ್ಕದೊಳಗೆ ಸೇರಿಸಬೇಕಾಗುತ್ತದೆ. ಇದಕ್ಕೆ ರೆಗ್ಯುಲರೈಸೇಷನ್ ಎನ್ನುತ್ತಾರೆ. ಒಂದು ದಾರಿ ಮಾತೃಕೆಯನ್ನು ಸಿಂಗ್ಯುಲರ್ ಮೌಲ್ಯಗಳಾಗಿ ಒಡೆದು, ಗದ್ದಲವನ್ನೇ ಹಿಗ್ಗಿಸುವ ಸಣ್ಣ ಮೌಲ್ಯಗಳನ್ನು ತಗ್ಗಿಸುವುದು. 1996ರಲ್ಲಿ ಹೋಕರ್ ಮತ್ತು ಕಾರ್ಟ್‌ವೆಲಿಶ್ವಿಲಿ ಇದನ್ನು ಕಣಭೌತವಿಜ್ಞಾನಕ್ಕೆ ತಂದರು. ಇನ್ನೊಂದು, 1995ರಲ್ಲಿ ಡಿ ಅಗೊಸ್ಟಿನಿ ಮಂಡಿಸಿದ್ದು: ಒಂದು ಊಹೆಯ ರೋಹಿತದಿಂದ ಹೊರಟು, ಬೇಯ್ಸ್ ಪ್ರಮೇಯ ಬಳಸಿ ಹಂತಹಂತವಾಗಿ ತಿದ್ದುತ್ತಾ ಹೋಗುವುದು. ಮಸುಕಾದ ಚಿತ್ರಗಳನ್ನು ಸ್ಪಷ್ಟಗೊಳಿಸಲು 1970ರ ದಶಕದಲ್ಲಿ ರಿಚರ್ಡ್‌ಸನ್ ಮತ್ತು ಲೂಸಿ ಕಂಡುಕೊಂಡ ವಿಧಾನಕ್ಕೂ ಇದಕ್ಕೂ ಒಳಗಿನ ಗಣಿತ ಒಂದೇ. ಇಲ್ಲಿ ಎಷ್ಟು ಸುತ್ತು ಎಂಬುದೇ ಕೀಲಿ. ಬೇಗ ನಿಲ್ಲಿಸಿದರೆ ನಿಮ್ಮ ಊಹೆಯೇ ಉತ್ತರವಾಗಿಬಿಡುತ್ತದೆ. ತಡಮಾಡಿದರೆ ಗದ್ದಲ ಮತ್ತೆ ತಲೆ ಎತ್ತುತ್ತದೆ.

ಹೀಗಾಗಿ ಒಳ್ಳೆಯ ತಂಡಗಳು ಸುತ್ತುಗಳ ಸಂಖ್ಯೆ ಬದಲಿಸಿ, ಆರಂಭದ ಊಹೆ ಬದಲಿಸಿ, ಉತ್ತರ ಎಷ್ಟು ಜರುಗಿತು ಎಂಬುದನ್ನೂ ದೋಷದಲ್ಲಿ ಸೇರಿಸುತ್ತವೆ. ಪೈಆನ್, ಪ್ರೋಟಾನ್‌ಗಳ ಸಾಮಾನ್ಯ ರೋಹಿತಕ್ಕೆ ಇಷ್ಟು ಪಾಡು ಬೇಕಿಲ್ಲ, ಅಲ್ಲಿ ಸಂವೇಗದ ಅಳತೆ ಸಾಕಷ್ಟು ನಿಖರ. ಒಂದೇ ದಿಕ್ಕಿನಲ್ಲಿ ಗುಂಪಾಗಿ ಚಿಮ್ಮುವ ಕಣಗಳ ಜೆಟ್‌ಗಳ ವಿಷಯದಲ್ಲಿ ಮಾತ್ರ, ಸುತ್ತಲಿನ ಸಾವಿರಾರು ಕಣಗಳ ಹಿನ್ನೆಲೆಯೂ ಏರಿಳಿಯುವುದರಿಂದ, ಈ ಕೆಲಸ ಅನಿವಾರ್ಯ.

ಪ್ರಶ್ನೆ: ತ್ಸಾಲಿಸ್ ವಿತರಣೆ ಕಡಿಮೆ ಸಂವೇಗದಿಂದ ಹೆಚ್ಚು ಸಂವೇಗದವರೆಗೂ ರೋಹಿತಕ್ಕೆ ಅದ್ಭುತವಾಗಿ ಹೊಂದುತ್ತದೆ. ಹಾಗಾದರೆ ಬೋಲ್ಟ್ಸ್‌ಮನ್ ಬಿಟ್ಟು ಅದನ್ನೇ ನಿಜವಾದ ನಿಯಮ ಎನ್ನಬಹುದಲ್ಲವೇ?
– ಸಂಶೋಧನಾ ವಿದ್ಯಾರ್ಥಿ, ಮೈಸೂರು

ಉತ್ತರ: ನನ್ನ ಅಭಿಪ್ರಾಯದಲ್ಲಿ ಅನ್ನಲಾಗದು. 1988ರಲ್ಲಿ ತ್ಸಾಲಿಸ್ ಎಂಟ್ರೊಪಿಯ ವ್ಯಾಖ್ಯೆಯನ್ನೇ ವಿಸ್ತರಿಸಿ ಕ್ಯೂ ಎಂಬ ಒಂದು ಸಂಖ್ಯೆಯನ್ನು ಸೇರಿಸಿದರು. ಕ್ಯೂ 1ಕ್ಕೆ ಸಮನಾದರೆ ಹಳೆಯ ಘಾತೀಯ ನಿಯಮವೇ ವಾಪಸ್ ಬರುತ್ತದೆ. 1ಕ್ಕಿಂತ ತುಸು ಹೆಚ್ಚಾದರೆ ರೋಹಿತದ ಬಾಲ ಘಾತೀಯವಾಗಿ ಬೀಳದೆ ಸಂವೇಗದ ಒಂದು ಋಣ ಘಾತದಂತೆ ನಿಧಾನವಾಗಿ ಇಳಿಯುತ್ತದೆ, ಕ್ಯೂ 1.15 ಇದ್ದರೆ ಆ ಘಾತ 7ರ ಆಸುಪಾಸು. ಪ್ರೋಟಾನ್-ಪ್ರೋಟಾನ್ ಘರ್ಷಣೆಗಳ ರೋಹಿತಕ್ಕೆ ಇದು ಚೆನ್ನಾಗಿ ಕೂರುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಅಂಥ ಬಾಲಕ್ಕೆ ಬೇರೆ ಕಾರಣ ಮೊದಲೇ ಗೊತ್ತಿದೆ. ಕ್ವಾರ್ಕ್‌ಗಳೂ ಗ್ಲುಆನ್‌ಗಳೂ ನೇರವಾಗಿ ಬಡಿದು ಚದುರಿದಾಗ ರೋಹಿತ ಘಾತನಿಯಮದಂತೆ ಇಳಿಯಬೇಕೆಂದು ಕ್ವಾಂಟಮ್ ಕ್ರೋಮೋಡೈನಮಿಕ್ಸ್ ಹೇಳುತ್ತದೆ. ಹಾಗೆಡೋರ್ನ್ 1983ರಲ್ಲಿ ಇದೇ ಆಕಾರದ ಸೂತ್ರವನ್ನು ತ್ಸಾಲಿಸ್‌ರ ಹಂಗಿಲ್ಲದೆ ಬಳಸಿದ್ದರು. ಕೆಳಗಡೆ ಕಾವು, ಮೇಲ್ಗಡೆ ಜೆಟ್‌ಗಳು, ನಡುವೆ ಎರಡರ ಬೆರಕೆ. ಈ ಮೂರನ್ನೂ ಒಂದೇ ನಯವಾದ ಗೆರೆ ಮುಚ್ಚಬಲ್ಲದು ಎಂದರೆ ಗೆರೆಗೆ ಸಾಕಷ್ಟು ಸ್ವಾತಂತ್ರ್ಯವಿದೆ ಎಂದಷ್ಟೇ ಅರ್ಥ. ಸೀಸದ ಘರ್ಷಣೆಗೆ ಬಂದರೆ ಕಷ್ಟ ಇನ್ನೂ ಹೆಚ್ಚು. ಹರಿವಿಲ್ಲದ ತ್ಸಾಲಿಸ್ ಸೂತ್ರ ಹೊಂದಿಸಿದರೆ ಹರಿವಿನ ಪರಿಣಾಮವೆಲ್ಲ ತಾಪಮಾನದ ಖಾತೆಗೆ ಜಮಾ ಆಗುತ್ತದೆ, ಧಾರವಾಡದ ವಿದ್ಯಾರ್ಥಿನಿ ಕಂಡ ಮೂರು ತಾಪಮಾನಗಳೇ ಬೇರೆ ವೇಷದಲ್ಲಿ ಬರುತ್ತವೆ.

ಅಳತೆ ಇಲ್ಲದ ಸೊನ್ನೆಯ ಹತ್ತಿರದ ಸಂವೇಗಕ್ಕೆ ರೋಹಿತವನ್ನು ವಿಸ್ತರಿಸಿ ಒಟ್ಟು ಕಣಗಳನ್ನು ಎಣಿಸಲು ಈ ಸೂತ್ರ ಬಹಳ ಉಪಯುಕ್ತ, ಅದಕ್ಕೆ ಧಾರಾಳವಾಗಿ ಬಳಸಿ. ಪ್ರಬಂಧದಲ್ಲಿ ಕ್ಯೂಗೆ ಭೌತಿಕ ಅರ್ಥ ಕೊಡುವ ಮುನ್ನ ಒಂದು ಪರೀಕ್ಷೆ ಮಾಡಿ. ಘರ್ಷಣೆಯ ಶಕ್ತಿ ಬದಲಾದಾಗ, ಕಣ ಬದಲಾದಾಗ ಕ್ಯೂ ಹೇಗೆ ಬದಲಾಗಬೇಕೆಂದು ನಿಮ್ಮ ಅರ್ಥವಿವರಣೆ ಮೊದಲೇ ಹೇಳಬಲ್ಲದೇ? ಹೇಳಲಾರದಿದ್ದರೆ ಅದು ಗೆರೆ ಹೊಂದಿಸಲು ಬಳಸಿದ ಒಂದು ಸಂಖ್ಯೆ ಮಾತ್ರ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ದೊಡ್ಡ ಪ್ರಯೋಗಾಲಯವಿಲ್ಲ. ಬಿ.ಎಸ್ಸಿ. ಮಕ್ಕಳು ಇಂಥ ವಿಶ್ಲೇಷಣೆ ಮಾಡಲು ದಾರಿ ಇದೆಯೇ?
– ಭೌತವಿಜ್ಞಾನ ಉಪನ್ಯಾಸಕಿ, ತುಮಕೂರು

ಉತ್ತರ: ಇದೆ, ಖರ್ಚೂ ಇಲ್ಲ. ಪ್ರಕಟವಾದ ರೋಹಿತಗಳ ಅಂಕಿ ಕೋಷ್ಟಕಗಳು ಹೆಪ್‌ಡೇಟಾ ಎಂಬ ಮುಕ್ತ ಸಂಗ್ರಹದಲ್ಲಿವೆ. ಸರ್ನ್‌ನ ಓಪನ್ ಡೇಟಾ ತಾಣದಲ್ಲಿ ಆಲಿಸ್‌ನ ಘರ್ಷಣೆಗಳ ದತ್ತಾಂಶವೂ ಸಿಗುತ್ತದೆ. ವಿಶ್ಲೇಷಣೆಗೆ ಜಗತ್ತಿನಾದ್ಯಂತ ಬಳಸುವ ರೂಟ್ ತಂತ್ರಾಂಶ ಉಚಿತ. 1990ರ ದಶಕದಲ್ಲಿ ಅದು ರೂಪುಗೊಂಡದ್ದೇ ಸರ್ನ್‌ನ ಎನ್‌ಎ49 ಎಂಬ ಭಾರಿ ಅಯಾನುಗಳ ಪ್ರಯೋಗದ ಸುತ್ತ. ಪೈಥಾನ್ ಗೊತ್ತಿರುವ ಮಕ್ಕಳಿಗೆ ಅದೂ ಸಾಕು. ಈ ಕ್ಷೇತ್ರ ನಮಗೆ ದೂರದ್ದೆಂದು ಮಕ್ಕಳಿಗೆ ಅನ್ನಿಸಬಾರದು: ಆಲಿಸ್‌ಗೂ ಅಮೆರಿಕದ ಬ್ರೂಕ್‌ಹೇವನ್‌ನ ಸ್ಟಾರ್ ಪ್ರಯೋಗಕ್ಕೂ ಫೋಟಾನ್ ಎಣಿಸುವ ಡಿಟೆಕ್ಟರ್ ಕಟ್ಟಿಕೊಟ್ಟದ್ದು ಕೋಲ್ಕತ್ತದ ವೇರಿಯಬಲ್ ಎನರ್ಜಿ ಸೈಕ್ಲೊಟ್ರಾನ್ ಸೆಂಟರ್ ಮುಂಚೂಣಿಯಲ್ಲಿದ್ದ ಭಾರತೀಯ ತಂಡ.

ಮಕ್ಕಳು ಎಡವುವ ಎರಡು ಜಾಗಗಳನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು, ಅಗಲವಾದ ಬಿನ್‌ನ ಎಣಿಕೆಯನ್ನು ಬಿನ್‌ನ ನಡುವೆ ಚುಕ್ಕೆಯಾಗಿ ಇಡುವುದು. ರೋಹಿತ ಕಡಿದಾಗಿ ಇಳಿಯುವಾಗ ಇದು ದೊಡ್ಡ ತಪ್ಪು. ಇಳಿಜಾರು 0.25 ಜಿಇವಿ ಇರುವ ಘಾತೀಯ ಗೆರೆಯನ್ನು 0ಯಿಂದ 1 ಜಿಇವಿವರೆಗಿನ ಒಂದೇ ಬಿನ್‌ನಲ್ಲಿ ಹಿಡಿದರೆ, ಸರಾಸರಿ ಎತ್ತರ ನಟ್ಟ ನಡುವಿನ ಎತ್ತರದ 1.8 ಪಟ್ಟು. ಆ ಚುಕ್ಕೆಯ ಸರಿಯಾದ ಜಾಗ 0.5 ಅಲ್ಲ, 0.35. ಲ್ಯಾಫರ್ಟಿ ಮತ್ತು ವಯಟ್ 1995ರಲ್ಲಿ ಈ ಒಂದೇ ವಿಷಯಕ್ಕೆ ಇಡೀ ಲೇಖನ ಬರೆದರು.

ಎರಡು, ದೋಷಗಳೆಲ್ಲ ಒಂದೇ ಬಗೆಯವು ಎಂದುಕೊಳ್ಳುವುದು. 2010ರಲ್ಲಿ ಆಲಿಸ್ ಪ್ರಕಟಿಸಿದ ಪ್ರಸಿದ್ಧ ಸಂಖ್ಯೆಯನ್ನೇ ನೋಡಿ. ನಟ್ಟ ನಡುವಿನ ಘರ್ಷಣೆಯಲ್ಲಿ, ದೂಲಕ್ಕೆ ಲಂಬವಾದ ದಿಕ್ಕಿನ ಸುತ್ತ ಸೂಡೊರಾಪಿಡಿಟಿಯ (ದೂಲದೊಂದಿಗೆ ಕಣ ಮಾಡುವ ಕೋನದ ಒಂದು ಅಳತೆ) ಒಂದು ಏಕಮಾನಕ್ಕೆ 1584 ವಿದ್ಯುದಾವಿಷ್ಟ ಕಣಗಳು. ಎಣಿಕೆಯಿಂದ ಬಂದ ದೋಷ ಬರೀ 4, ವಿಧಾನದಿಂದ ಬಂದ ದೋಷ 76. ಇನ್ನಷ್ಟು ಘರ್ಷಣೆಗಳನ್ನು ದಾಖಲಿಸಿದರೆ 4 ಇಳಿಯುತ್ತದೆ, 76 ಇಳಿಯುವುದಿಲ್ಲ. ಅಲ್ಲದೆ ಇಂಥ ದೋಷ ಎಲ್ಲ ಚುಕ್ಕೆಗಳನ್ನೂ ಒಟ್ಟಿಗೆ ಮೇಲಕ್ಕೋ ಕೆಳಕ್ಕೋ ಎಳೆಯುತ್ತದೆ. ಅದನ್ನು ಪ್ರತಿ ಚುಕ್ಕೆಗೂ ಸ್ವತಂತ್ರ ಎಂದು ಹಿಡಿದು ಪ್ರತಿ ಸ್ವಾತಂತ್ರ್ಯ ಡಿಗ್ರಿಗೆ ಕೈ-ವರ್ಗ ಲೆಕ್ಕ ಹಾಕಿದರೆ ಉತ್ತರ 1ಕ್ಕಿಂತ ಬಹಳ ಕೆಳಗೆ ಬರುತ್ತದೆ, ಮಕ್ಕಳು ಹೊಂದಾಣಿಕೆ ಅಮೋಘವಾಗಿದೆ ಎಂದು ಸಂಭ್ರಮಿಸುತ್ತಾರೆ. ಅದು ಸಂಭ್ರಮಿಸುವ ಸಂಖ್ಯೆಯಲ್ಲ ಎಂದು ತಿಳಿಹೇಳುವುದು ಮೇಷ್ಟ್ರುಗಳ ಕೆಲಸ.

ಶುರು ಮಾಡಲು ಸೀಸದ 2.76 ಟಿಇವಿ ಘರ್ಷಣೆಯ ಪೈಆನ್, ಕೇಆನ್, ಪ್ರೋಟಾನ್ ಕೋಷ್ಟಕಗಳನ್ನೇ ತೆಗೆದುಕೊಳ್ಳಿ. ಮೊದಲ ವಾರ ಇಳಿಜಾರು ಮಾತ್ರ ತೆಗೆಸಿ, ಎರಡನೆಯ ವಾರ ಮೂರನ್ನೂ ಒಟ್ಟಿಗೆ ಹೊಂದಿಸಲು ಹೇಳಿ. ಮಕ್ಕಳಿಗೆ ಬಂದ ತಾಪಮಾನ, ಹರಿವಿನ ವೇಗ, ಆರಿಸಿಕೊಂಡ ಸಂವೇಗದ ಗಡಿ ಇವಿಷ್ಟನ್ನೂ ಬರೆದು ಕಳಿಸಿದರೆ, ಎಲ್ಲಿ ಏನು ಜರುಗಿತು ಎಂದು ನೋಡಿ ಉತ್ತರಿಸುತ್ತೇನೆ.